ಫ್ರಿಜ್ಜಿನ ಚಾಡಿಕೋರ

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಮಕ್ಕಳ ಲಸಿಕೆಯ ಫ್ರಿಜ್ಜು ಕಾಂಪೌಂಡರನ ಸುಪರ್ದಿಯಲ್ಲಿತ್ತು. ಲಸಿಕೆಯ ಪಕ್ಕದಲ್ಲಿ ಅವನ ಕುಡಿಯುವ ನೀರಿನ ಬಾಟಲಿಯೂ ಇರುತ್ತಿತ್ತು. ‘ಇಲ್ಲಿ ಬೇರೇನೂ ಇಡಬಾರದು’ ಎಂದು ಬಾಗಿಲ ಮೇಲೆ ದುಂಡಗೆ ಬರೆದು ಅಂಟಿಸಿದವನೂ ಅವನೇ.

ಒಂದು ದಿನ ಡಾಕ್ಟರಮ್ಮನ ತಮ್ಮ ಬಂದು ಗೋಡೆಗೊಂದು ಪುಟ್ಟ ಡಬ್ಬಿ ಹಚ್ಚಿ, ಅದರ ತಂತಿಯ ತುದಿಯನ್ನು ಫ್ರಿಜ್ಜಿನೊಳಗಿಟ್ಟ.

"ಒಳಗೆ ಎಂಟು ಡಿಗ್ರಿ ದಾಟಿದ್ರೆ ಇಂಟರ್ನೆಟ್ಟಲ್ಲಿ ಅಕ್ಕನ ಫೋನಿಗೆ ಸುದ್ದಿ ಹೋಗತ್ತೆ. ಈಗ ಎಲ್ಲ ಸಾಮಾನೂ ಹೀಗೇ ಕಣ್ರೀ. ನಮ್ಮನೆ ವಾಷಿಂಗ್ ಮಷೀನು ಬಟ್ಟೆ ಒಗೆದಾಯ್ತು ಅಂತ ಫೋನಿಗೆ ಹೇಳತ್ತೆ."

"ಆಮೇಲೆ ನೀವು ಒಣಗಹಾಕ್ತೀರಾ?" ಎಂದ ಕಾಂಪೌಂಡರ್.

"ಹೆಂಡತಿಗೆ ಫಾರ್ವರ್ಡ್ ಮಾಡ್ತೀನಿ."

ಅಂದಿನಿಂದ ಕಾಂಪೌಂಡರ್ ನೀರಿಗೆಂದು ಬಾಗಿಲು ತೆರೆದು ಕೊಂಚ ಮೈಮರೆತರೂ ಒಳಕೋಣೆಯಿಂದ "ಬಾಗಿಲು ಹಾಕ್ರೀ!" ಎಂಬ ಕೂಗು ಬರುತ್ತಿತ್ತು. ಡಬ್ಬಿಗೆ ಅವನು ಚಾಡಿಕೋರ ಎಂದು ಹೆಸರಿಟ್ಟ. ಮೂರನೇ ವಾರ ಮದ್ದೂ ಹುಡುಕಿದ. ಒಂದು ಫ್ಲಾಸ್ಕಿಗೆ ಫ್ರಿಜ್ಜಿನಲ್ಲೇ ತಂಪಾದ ನೀರು ತುಂಬಿ, ತಂತಿಯ ತುದಿಯನ್ನು ಅದರಲ್ಲಿ ಮುಳುಗಿಸಿ, ಬಾಯಿಗೆ ಹತ್ತಿ ತುರುಕಿ, ಫ್ರಿಜ್ಜಿನ ಮೂಲೆಯಲ್ಲಿಟ್ಟ. ಬಾಗಿಲು ಎಷ್ಟು ತೆರೆದರೂ ಚಾಡಿಕೋರ ತುಟಿ ಪಿಟಕ್ಕೆನ್ನಲಿಲ್ಲ. "ಈಗ ಸುಧಾರಿಸಿದ್ರಿ" ಎಂದರು ಡಾಕ್ಟರಮ್ಮ. ಹೊಗಳಿಕೆಯನ್ನು ಅವನು ವಿನಯದಿಂದಲೇ ಸ್ವೀಕರಿಸಿದ.

ಮುಂದಿನ ಲಸಿಕೆಯ ದಿನ ಬೆಳಿಗ್ಗೆ ನೋಡಿದರೆ ಫ್ರಿಜ್ಜಿನ ಪ್ಲಗ್ಗು ಕೆಳಗೆ ಬಿದ್ದಿತ್ತು. ಅದರ ಜಾಗದಲ್ಲಿ ಅವನದೇ ಫೋನಿನ ಚಾರ್ಜರ್. ಹಿಂದಿನ ಸಂಜೆ ಸಿಕ್ಕಿಸಿ ಮರೆತದ್ದು. ಒಳಗೆ ಕೈಯಿಟ್ಟ. ಕೋಣೆಯಷ್ಟೇ ಬಿಸಿ. ಹೊರಗೆ ಬೆಂಚಿನ ಮೇಲೆ ಹನ್ನೆರಡು ತಾಯಂದಿರು, ಹನ್ನೆರಡು ಕೂಸುಗಳು.

ಡಾಕ್ಟರಮ್ಮ ಫೋನು ನೋಡಿದರು. "ರಾತ್ರಿಯೆಲ್ಲ ನಾಲ್ಕು, ಐದು ಡಿಗ್ರಿ. ಸರಿಯಾಗಿದೆ. ಮೊದಲನೆಯವರನ್ನ ಕಳಿಸ್ರೀ."

ಪ್ಲಗ್ಗು ಸಿಕ್ಕಿಸಿ ಸುಮ್ಮನಿದ್ದರೆ ಮುಗಿಯಿತು, ಚಾಡಿಕೋರನೇ ಅವನ ಪರ ಸಾಕ್ಷಿ ಹೇಳುತ್ತಿದ್ದ. ಮೊದಲ ಕೂಸು ತಾಯಿಯ ಹೆಗಲಿನಿಂದ ಬಾಗಿ ಅವನ ಜೇಬಿನ ಪೆನ್ನು ಕಿತ್ತುಕೊಂಡಿತು.

"ಅಮ್ಮಾ, ಆ ಫೋನು ನಂಬಬೇಡಿ" ಎಂದು ಕಾಂಪೌಂಡರ್ ಫ್ಲಾಸ್ಕನ್ನು ತಂದು ಮೇಜಿನ ಮೇಲಿಟ್ಟ. "ಲಸಿಕೆ ಕೆಟ್ಟಿದೆ. ಪ್ಲಗ್ಗು ಕಿತ್ತಿದ್ದೂ ನಾನೇ."

ಡಾಕ್ಟರಮ್ಮ ಹತ್ತಿ ತೆಗೆದು ಒಳಗೆ ಇಣುಕಿದರು. "ಲಸಿಕೆಗಿಂತ ಈ ತಂತೀನ ಚೆನ್ನಾಗಿ ಸಾಕಿದ್ದೀರಿ."

ಹನ್ನೆರಡು ತಾಯಂದಿರಿಗೂ ಕಾರಣ ಹೇಳಿ, ಗುರುವಾರ ಬರಲು ತಿಳಿಸುವ ಕೆಲಸ ಅವನ ಪಾಲಿಗೇ ಬಂತು. ಒಬ್ಬಾಕೆ ಬೈದಳು, ತಲೆತಗ್ಗಿಸಿ ಬೈಸಿಕೊಂಡ.

ಸಂಜೆ ಡಾಕ್ಟರಮ್ಮನ ತಮ್ಮ ತಂತಿಯನ್ನು ಮತ್ತೆ ಲಸಿಕೆಯ ನಡುವೆ ಇಡುವಾಗ ಕಾಂಪೌಂಡರ್ ಹತ್ತಿರ ಹೋದ.

"ಸುದ್ದಿ ನನ್ನ ಫೋನಿಗೂ ಬರೋ ಹಾಗೆ ಮಾಡ್ತೀರಾ? ಅಮ್ಮನಿಗಿಂತ ಒಂದು ನಿಮಿಷ ಮುಂಚೆ?"

"ಇಬ್ಬರಿಗೂ ಒಟ್ಟಿಗೇ ಹೇಳತ್ತೆ ಕಣ್ರೀ."

ಕಾಂಪೌಂಡರ್ ತನ್ನ ನೀರಿನ ಬಾಟಲಿಯನ್ನು ಹೊರತೆಗೆದು ಕಿಟಕಿಯಲ್ಲಿಟ್ಟ. "ಹಾಗೇ ಹೇಳಲಿ ಬಿಡಿ."