ಗೇಟಿನಾಚೆಯ ಲಾರಿ

ಲಾರಿಯವರಿಗೆ ಒಂದು ರೂಪಾಯಿ ಹಾಲ್ಟಿಂಗ್ ಚಾರ್ಜೂ ಕೊಡದ ಗಟ್ಟಿ ಮನುಷ್ಯ ಅಂತ ಹೊಸೂರಿನ ಆ ಕಾರ್ಖಾನೆಯಲ್ಲಿ ಸ್ಟೋರಿನ ಗುಮಾಸ್ತ ಮುತ್ತರಾಯಪ್ಪನಿಗೆ ದೊಡ್ಡ ಹೆಸರಿತ್ತು. ಹೆಸರು ತಗೊಂಡು ಏನು ಮಾಡುವುದು? ಕ್ಯಾಂಟೀನಿನಲ್ಲಿ ಅವನ ಪಕ್ಕ ತಟ್ಟೆ ಇಡುವವರು ಒಬ್ಬರೂ ಇರಲಿಲ್ಲ.

ಚಾರ್ಜಿನ ಲೆಕ್ಕ ಹೀಗೆ. ಸರಕಿನ ಲಾರಿ ಬಂದು ಗೇಟಿನ ಪುಸ್ತಕದಲ್ಲಿ ಎಂಟ್ರಿ ಬಿದ್ದ ಆರು ಗಂಟೆಯೊಳಗೆ ಸರಕು ಇಳಿಸಿ ಕಳಿಸಬೇಕು. ತಡವಾದರೆ, ಕಾಯಿಸಿದ್ದಕ್ಕೆ ಟ್ರಾನ್ಸ್‌ಪೋರ್ಟಿನವರು ಬಿಲ್ಲು ಹಾಕುತ್ತಾರೆ. ಮುತ್ತರಾಯಪ್ಪ ಕಂಡುಕೊಂಡ ಉಪಾಯ ಬಲು ಸುಲಭದ್ದು: ಎಂಟ್ರಿಯನ್ನೇ ಹಾಕಬಾರದು. ಲಾರಿ ಹೊರಗೆ ರಸ್ತೆ ಬದಿ ನಿಂತಿರಲಿ, ಇಳಿಸುವ ಜಾಗ ಖಾಲಿಯಾದಾಗ ಕರೆದು, ಆಗತಾನೇ ಬಂತು ಅಂತ ಬರೆದರಾಯಿತು. ಎಂಟ್ರಿ ಬೀಳುವ ತನಕ ಸರಕಿಗೆ ಡ್ರೈವರನೇ ಜವಾಬ್ದಾರ, ಹಾಗಾಗಿ ಅವನು ಬಿಟ್ಟು ಕದಲುವಂತೆಯೂ ಇಲ್ಲ. ಮ್ಯಾನೇಜರು ಬೆನ್ನು ತಟ್ಟಿದರು. ಡ್ರೈವರುಗಳು ಅವನ ಹೆಸರು ಹಿಡಿದು ಉಗಿದರು.

ಹೆಂಡತಿ ಪಾರ್ವತಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಮಾಲೂರಿನ ಕಡೆಯ ನಂಟರು ಮೊದಮೊದಲು ಫೋನು ಮಾಡಿದರು, ಆಮೇಲೆ ಅದೂ ನಿಂತಿತು. ಅವಲಪಲ್ಲಿಯ ಬಾಡಿಗೆ ರೂಮಿನಲ್ಲಿ ಭಾನುವಾರ ಬಂತೆಂದರೆ ಮುತ್ತರಾಯಪ್ಪ ಒಗೆದ ಅಂಗಿಯನ್ನೇ ಇನ್ನೊಂದು ಸಲ ಒಗೆಯುತ್ತಿದ್ದ. ಏನಾದರೂ ಕೆಲಸ ಬೇಕಲ್ಲ!

ಅಂಥವನನ್ನು ಕರೆದು ಅನ್ನ ಹಾಕಿದವನು ಡ್ರೈವರ್ ರಾಮಾಂಜಿನಪ್ಪ. ಜವಳಗಿರಿ ಕಡೆಯವನು, ವಯಸ್ಸಿನಲ್ಲಿ ದೊಡ್ಡವನು, ಶನಿವಾರ ಶನಿವಾರ ಕೊಯಮತ್ತೂರಿನಿಂದ ಎರಕದ ಸಾಮಾನು ತರುತ್ತಿದ್ದ. ಕ್ಲೀನರ್ ಕೂಡ ಇಲ್ಲದ ಒಂಟಿ ಸವಾರಿ. ಲಾರಿಯ ನೆರಳಿನಲ್ಲಿ ಸೀಮೆಎಣ್ಣೆ ಸ್ಟೌವ್ ಹಚ್ಚಿ ಮುದ್ದೆ ತೊಳಸಿ, ಹುರುಳಿ ಸಾರು ಕಾಸುತ್ತಿದ್ದ. ಮೊದಲನೇ ದಿನವೇ, "ಬಾರ್ಲಾ, ಎಷ್ಟೊತ್ತು ಆ ಪುಸ್ತಕ ಇಡ್ಕೊಂಡು ನಿಂತಿರ್ತೀಯ, ಉಣ್ಣು ಬಾ" ಎಂದಿದ್ದ. ಮುತ್ತರಾಯಪ್ಪನನ್ನು ಹಾಗೆ ಗದರಿ ಕರೆದವರು ಯಾರೂ ಉಳಿದಿರಲಿಲ್ಲ. ಆವತ್ತು ಅವನು ಎರಡು ಮುದ್ದೆ ಉಂಡ.

ಅಲ್ಲಿಂದ ಶುರುವಾಯಿತು ನೋಡಿ ಕಳ್ಳಬುದ್ಧಿ. ಜಾಗ ಹನ್ನೆರಡಕ್ಕೇ ಖಾಲಿಯಾದರೂ ಮುತ್ತರಾಯಪ್ಪ ರಾಮಾಂಜಿನಪ್ಪನನ್ನು ಎರಡಕ್ಕೆ ಕರೆಯುವನು, ಇನ್ನೊಂದು ವಾರ ಮೂರಕ್ಕೆ. "ಒಳಗೆ ಬೇರೆ ಲಾರಿ ಐತೆ ಕಣಣ್ಣ, ಏನ್ಮಾಡಾದು" ಅನ್ನುವನು. ಉಂಡು, ಟೈರಿಗೆ ಒರಗಿ, ಆನೆ ಹೊಲಕ್ಕೆ ನುಗ್ಗಿದ್ದು, ತಳಿ ಅನ್ನುವ ಊರಿನ ಸಂತೆಯಲ್ಲಿ ಕೋಸಿನ ರೇಟು ಬಿದ್ದದ್ದು, ಎಲ್ಲ ಕೇಳುವನು. ಕಂಪನಿಗೆ ಚಾರ್ಜು ಉಳಿಯುತ್ತಿತ್ತು, ಇವನಿಗೆ ಒಂದು ಮಧ್ಯಾಹ್ನ ಸಿಗುತ್ತಿತ್ತು. ಯಾರಿಗೇನು ನಷ್ಟ ಅಂತ ತನಗೆ ತಾನೇ ಹೇಳಿಕೊಂಡಿದ್ದ.

ಎರಡು ಸಾವಿರದ ಎಂಟರ ಆ ಶನಿವಾರ ಮಾತ್ರ ರಾಮಾಂಜಿನಪ್ಪ ಸ್ಟೌವ್ ಇಳಿಸಲಿಲ್ಲ. ಹನ್ನೆರಡು ಹತ್ತಕ್ಕೆ ಲಾರಿ ನಿಲ್ಲಿಸಿದವನೇ ಗೇಟಿಗೆ ಬಂದ.

"ಲೋ ಮುತ್ತಾ, ಇವತ್ತು ಬಿರ್‍ರನೆ ಇಳಿಸ್ಬುಡ್ಲಾ. ಮಗ್ಳು ವನಿತಾನ್ನ ನೋಡಾಕೆ ಗಂಡಿನ ಕಡೇರು ನಾಳೆ ಬೆಳಿಗ್ಗೆ ಏಳಕ್ಕೇ ಬತ್ತಾವ್ರೆ. ಎಲ್ಡು ಸಂಬಂಧ ನಾನಿಲ್ದೇನೇ ಮುರುದೋಗವೆ. ಅಪ್ಪ ಅನ್ನೋನು ಮನೇಲೇ ಇರಲ್ವಾ ಅಂತ ಆಡ್ಕಂಡ್ರು. ಲಾರಿ ಶೆಡ್ಡಿಗ್ ಬಿಟ್ಟು ರಾತ್ರಿ ಬಸ್ಸಿಗೆ ಹೋಗ್ಬೇಕು."

"ಆಗ್ಲಣ್ಣ, ಅದ್ಕೇನಂತೆ" ಎಂದ ಮುತ್ತರಾಯಪ್ಪ. ಮನಸ್ಸಿಟ್ಟೇ ಅಂದ. ಆಗ ಒಳಗೆ ನಿಜಕ್ಕೂ ಬೇರೆ ಲಾರಿ ಇತ್ತು.

ಮೂರು ಗಂಟೆಗೆ ಅದು ಹೊರಟಿತು. ಮುತ್ತರಾಯಪ್ಪ ಪೆನ್ನು ತೆಗೆದ. ಇಳಿಸಲು ಮುಕ್ಕಾಲು ಗಂಟೆ ಸಾಕು. ಈಗ ಕರೆದರೆ ನಾಲ್ಕಕ್ಕೆ ಅವನು ಹೊರಟೇಹೋಗುತ್ತಾನೆ, ಆಮೇಲೆ ನಾಳೆ ಇಡೀ ಭಾನುವಾರ, ಆ ರೂಮು. ಒಂದು ಗಂಟೆ, ಬರೀ ಒಂದು ಗಂಟೆ ಕೂತು ಮಾತಾಡಿ ಕಳಿಸೋಣ, ಬಸ್ಸಿಗೆ ಹೊತ್ತು ಬೇಕಾದಷ್ಟಿದೆ ಎಂದುಕೊಂಡ. ಎರಡು ಟೀ ಹಿಡಿದುಕೊಂಡು ಹೊರಗೆ ಹೋದ. ರಾಮಾಂಜಿನಪ್ಪ ಟಾರ್ಪಾಲು ಬಿಚ್ಚಿ ಆಗಷ್ಟೇ ಲಾರಿ ಮೇಲಿಂದ ಇಳಿಯುತ್ತಿದ್ದ.

"ಖಾಲಿ ಆಯ್ತಾ?"

"ಇನ್ನೇನು, ಆಗ್ತದೆ ಕಣಣ್ಣ."

ರಾಮಾಂಜಿನಪ್ಪ ಟೀ ಕುಡಿದ. ಮಾತಿಗಿಂತ ಗೇಟಿನ ಕಡೆ ನೋಡಿದ್ದೇ ಹೆಚ್ಚು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುತ್ತರಾಯಪ್ಪ ಎದ್ದು, ಎಂಟ್ರಿ ಬರೆದು ಲಾರಿ ಒಳಗೆ ಕರೆಯಲೆಂದು ಗೇಟು ದಾಟುತ್ತಿದ್ದ ಹಾಗೆ ಕರೆಂಟು ಹೋಯಿತು. ಸರಕು ಇಳಿಸುವ ಕ್ರೇನ್ ನಿಂತಿತು. ಆ ವರ್ಷ ಕರೆಂಟಿಗೆ ಹೊತ್ತುಗೊತ್ತು ಇರಲಿಲ್ಲ, ಜನರೇಟರು ಒಳಗಿನ ಮೆಷಿನ್‌ಗಳಿಗೇ ಸಾಲುತ್ತಿರಲಿಲ್ಲ. ನಾಲ್ಕೂವರೆ ಆಯಿತು, ಐದಾಯಿತು. ಐದೂವರೆಗೆ ಸೈರನ್ ಕೂಗಿ ಕ್ರೇನಿನವನು ಸೈಕಲ್ ಹತ್ತಿ ಹೋಗಿಬಿಟ್ಟ.

ಮ್ಯಾನೇಜರು ಕಾರು ನಿಲ್ಲಿಸಿ ಕೇಳಿದರು. "ಹೊರಗಿರೋದಕ್ಕೆ ಎಂಟ್ರಿ ಹಾಕಿಲ್ಲ ತಾನೇ? ಭೇಷ್! ಸೋಮವಾರದ ಡೇಟು ಹಾಕಿ."

ರಾಮಾಂಜಿನಪ್ಪ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದ. ಬಿಟ್ಟು ಹೋಗುವಂತಿಲ್ಲ, ಇದ್ದರೆ ಮಗಳ ಈ ಸಂಬಂಧವೂ ಮುರಿಯುತ್ತದೆ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ, ಬೆವರೇನೂ ಇರಲಿಲ್ಲ. ಅದನ್ನು ನೋಡಿ ಮುತ್ತರಾಯಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಥೂ ನಿನ್ನ ಜನ್ಮಕ್ಕಿಷ್ಟು, ಒಂದು ಲೋಟ ಟೀಗೆ ಒಂದು ಹುಡುಗಿಯ ಬಾಳು ಅಡ್ಡ ಹಾಕಿದೆಯಲ್ಲೋ ಎಂದು ಬೈದುಕೊಂಡ. ಸೀದಾ ಗೇಟಿಗೆ ಹೋಗಿ ಪುಸ್ತಕ ಎಳೆದುಕೊಂಡ.

ವಾಚ್‌ಮನ್ ಈಗ ಎಂಟ್ರಿಯೇ ಎಂದು ಗಾಬರಿಯಾಗಿ ತಮಿಳಿನಲ್ಲಿ ಕೇಳಿದ. "ಎನ್ನ ಸಾರ್, ಇಪ್ಪೋ ಎಂಟ್ರಿಯಾ?"

ಮುತ್ತರಾಯಪ್ಪ ಅವತ್ತಿನ ತಾರೀಖು ಬರೆದು, ಮುಂದೆ ಹನ್ನೆರಡು ಹತ್ತು ಎಂದು ನಿಜವಾದ ಹೊತ್ತನ್ನೇ ಬರೆದ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ. ಸೋಮವಾರದ ತನಕದ ಹಾಲ್ಟಿಂಗ್ ಪೂರ್ತಿ ಕಂಪನಿಯ ತಲೆಗೆ, ಅದರ ಜವಾಬು ಇವನ ತಲೆಗೆ. ಬೀಳಲಿ ಎಂದುಕೊಂಡ.

"ಲಾರಿ ಒಳಗಾಕಣ್ಣ. ಇನ್ಮೇಲೆ ಸರಕು ನಮ್ದು. ನೀನು ಬಸ್ ಹತ್ತು."

ಇಬ್ಬರೂ ರಸ್ತೆಯಂಚಿನಲ್ಲಿ ನಿಂತರು. ತಳಿ, ಜವಳಗಿರಿಯ ಬಸ್ಸು ದೂರದಲ್ಲಿ ಕಂಡಾಗ ಮುತ್ತರಾಯಪ್ಪನಿಗೆ ತಡೆಯಲಾಗಲಿಲ್ಲ.

"ಅಣ್ಣ, ಮೂರು ಗಂಟೆಗೇ ಜಾಗ ಖಾಲಿ ಆಗಿತ್ತು. ನಾನೇ ಕರೀಲಿಲ್ಲ."

"ಗೊತ್ತು. ಟಾರ್ಪಾಲು ಬಿಚ್ಚಾಕೆ ಮ್ಯಾಲೆ ಹತ್ತಿದ್ನಲ್ಲ, ಅಲ್ಲಿಂದ ಕಾಣ್ತದೆ. ನೀನೇ ಕರೀತೀಯ ಅಂತ ಕಾದೆ." ರಾಮಾಂಜಿನಪ್ಪ ಬಸ್ಸಿಗೆ ಕೈ ಅಡ್ಡ ಹಾಕಿದ. "ಇವತ್ತಿಂದೊಂದೇ ಅಲ್ಲ ಕಣ್ಲಾ. ಆರು ತಿಂಗಳಿಂದ ನೋಡ್ತಾನೇ ಇವ್ನಿ. ಪಾಪ, ಒಬ್ನೇ ಅವ್ನೆ, ಉಂಡ್ಕೊಳ್ಳಿ ಅಂತ ಸುಮ್ಕಿದ್ದೆ."



ಬಸ್ಸು ನಿಂತಿತು. ರಾಮಾಂಜಿನಪ್ಪ ಹತ್ತಿ, ಬಾಗಿಲ ಕಂಬಿ ಹಿಡಿದು ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಇವತ್ತೊಂದಿನ ಬಿಡ್ಬೋದಾಗಿತ್ತು ಕಣ್ಲಾ."