ಚಾಪೆಯಗಲದ ಚಾವಡಿ

"ರಾಜೀವಕ್ಕ, ಗೋಡೆ! ಗೋಡೆ ಮೇಲೆ ಕಾಲಿಟ್ರಲ್ಲ ನೀವು!"

ಶೀಲಾವತಿ ಕೂಗಿದ ರಭಸಕ್ಕೆ ರಾಜೀವಿ ಬೆಚ್ಚಿ ಕಾಲು ಹಿಂದಕ್ಕೆ ತೆಗೆದಳು. ಹುಲ್ಲು ಕೆತ್ತಿ ಸಮ ಮಾಡಿದ ನೆಲದ ಮೇಲೆ ಸುಣ್ಣದ ಪುಡಿಯ ಬಿಳಿ ಗೆರೆ. ಗೆರೆಯ ನಡುವೆ ಅವಳ ಹಿಮ್ಮಡಿಯ ಗುರುತು. ಇನ್ನೂ ಕಟ್ಟದ ಗೋಡೆಯನ್ನು ಕೆಡವಿದೆನಲ್ಲ ಎಂದು ಅವಳಿಗೆ ನಿಜಕ್ಕೂ ಬೇಸರವಾಯಿತು. ಬಗ್ಗಿ ಬೆರಳಿನಿಂದ ಪುಡಿ ಒಟ್ಟುಮಾಡಿ ಸರಿಪಡಿಸಿದಳು. ಆಮೇಲೆ ಸುತ್ತಿ ಬಂದು, ಗೆರೆ ಎಳೆಯದೆ ಬಿಟ್ಟಿದ್ದ ಕಡೆ, ಅಂದರೆ ಬಾಗಿಲಲ್ಲಿ, ಚಪ್ಪಲಿ ಕಳಚಿಟ್ಟು ಶೀಲಾವತಿಯ ಮನೆಯೊಳಗೆ ಹೋದಳು.

ಘಾಟ್ಕೋಪರದ ರೈಲು ಹಳಿಯ ಪಕ್ಕದ ಆ ಬಯಲಿನಲ್ಲಿ ಅಂದು ಎಲ್ಲರಿಗೂ ಹೀಗೆಯೇ ಆಗಿತ್ತು. ಪರೇಲಿನ ಹಳೆಯ ಚಾಳೊಂದರ ಹೆಂಗಸರೆಲ್ಲ ಬೆಳಗಿನ ಲೋಕಲಿನಲ್ಲಿ ಬುತ್ತಿ, ಚಾಪೆ, ಮಕ್ಕಳ ಸಮೇತ ಬಂದಿಳಿದಿದ್ದರು. ದುಡಿಯುವ ಗಂಡಸರು ಬಂದಿರಲಿಲ್ಲ. ಚಾಳಿನ ಗಂಡಸರು ಹೆಚ್ಚಿನವರು ಕರಾವಳಿಯ ತಮ್ಮ ಊರಿನವರ ಹೋಟೆಲುಗಳಲ್ಲಿ ದುಡಿಯುವವರು. ಭಾನುವಾರವೆಂದರೆ ಅವರಿಗೆ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ರಾಜೀವಿಯ ಗಂಡ ಕಾಂತಪ್ಪ, "ನೀನೇ ನೋಡಿ ಬಾ, ನೀನು ಸರಿ ಅಂದ್ರೆ ಸರಿ" ಎಂದು ಹೇಳಿ ದೋಸೆಕಲ್ಲಿನ ಮುಂದೆ ನಿಲ್ಲಲು ಹೋಗಿದ್ದ. ಮಿಲ್ಲಿಗೆ ರಜೆಯಿದ್ದ ಕಾರಣ, ಹೊಸ ಮನೆಗಳಿಗಾಗಿ ಚಾಳಿನವರು ಸೇರಿ ಮಾಡಿಕೊಂಡ ಸೊಸೈಟಿಯ ಅಧ್ಯಕ್ಷ ಚೆನ್ನಯ ಮಾತ್ರ ಕರಿ ಕೋಟು ತೊಟ್ಟು ಬಂದಿದ್ದ.

ಗೆರೆ ಎಳೆದವನು ಕಿಟ್ಟು. ಮೈಸೂರಿನ ಕಡೆಯ ಹುಡುಗ, ಮುಂಬಯಿಯ ಕೋಟೆ ಪೇಟೆಯ ಕಡೆ ಯಾವುದೋ ಕಂಪನಿಯಲ್ಲಿ ಕೆಲಸ. "ನಾನು ಆರ್ಕಿಟೆಕ್ಟು" ಎಂದು ಮೊದಮೊದಲು ತಿದ್ದಿ ನೋಡಿ, ಸೋತು, ಈಗ "ಇಂಜಿನಿಯರ್ರೇ" ಎಂದು ಕರೆದರೂ ತಿರುಗಿ ನೋಡುತ್ತಿದ್ದ. ಚಾಳಿಗೆ ಬಂದು ಒಬ್ಬೊಬ್ಬರ ಖೋಲಿಯಲ್ಲೂ ಕೂತು, ಚಹಾ ಕುಡಿದು, ಹೊಸ ಮನೆಯಲ್ಲಿ ನಿಮಗೇನು ಬೇಕು ಎಂದು ಕೇಳಿದ್ದ. ಮುಂಬಯಿಯಲ್ಲಿ ಬಾಡಿಗೆಗೆ ಇರುವವರನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನೀಲಿ ಕಾಗದದ ಪ್ಲಾನನ್ನು ಹಾಸಿ ತೋರಿಸಿದಾಗ ಎಲ್ಲರೂ "ಭಾರೀ ಚಂದ ಉಂಟು" ಎಂದು ತಲೆಯಾಡಿಸಿದ್ದರು. ಎಲ್ಲರೂ ಒಂದೇ ರೀತಿ ತಲೆಯಾಡಿಸಿದ್ದು ನೋಡಿ ಕಿಟ್ಟುವಿಗೆ ಹೆದರಿಕೆಯಾಯಿತು. ಅದಕ್ಕೇ ಡಬ್ಬಿಯ ತಳಕ್ಕೆ ತೂತು ಕೊರೆದು, ಸುಣ್ಣದ ಪುಡಿ ತುಂಬಿ, ಕಟ್ಟಡದ ಒಂದು ಅಂತಸ್ತಿನಲ್ಲಿ ಬರುವ ಮನೆಗಳನ್ನು ಇದ್ದಷ್ಟೇ ಅಳತೆಯಲ್ಲಿ ನೆಲದ ಮೇಲೆ ಬರೆದುಬಿಟ್ಟಿದ್ದ.

"ಇವತ್ತೊಂದು ದಿನ ಇಲ್ಲೇ ಸಂಸಾರ ಮಾಡಿ ನೋಡಿ ಅಮ್ಮಾ. ಎಲ್ಲಿ ಇಕ್ಕಟ್ಟಾಗುತ್ತೆ ಅಂತ ನಿಮಗೇ ತಿಳಿಯುತ್ತೆ" ಎಂದಿದ್ದ.

ಅವರು ಮಾಡಿಯೇ ಬಿಟ್ಟರು. ಚಳಿಗಾಲದ ಎಳೆ ಬಿಸಿಲು. ದೂರದಲ್ಲಿ ಪವಾಯಿ ಕಡೆಯ ಗುಡ್ಡಗಳು ಮಂಜಿನಲ್ಲಿ ತೇಲುತ್ತಿದ್ದವು. ಒಬ್ಬಳು ಇಲ್ಲದ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹೊಗೆ ಯಾವ ಕಡೆ ಹೋದೀತೆಂದು ಕತ್ತು ಎತ್ತಿ ನೋಡಿದಳು. ಇನ್ನೊಬ್ಬಳು ಇಲ್ಲದ ಕಿಟಕಿಯಿಂದ ಪಕ್ಕದವಳನ್ನು ಕರೆದು ಉಪ್ಪಿನಕಾಯಿ ಕೊಟ್ಟಳು. ಪಕ್ಕದವಳು ಅದನ್ನು ಕಿಟಕಿಯಿಂದಲೇ ತೆಗೆದುಕೊಂಡಳು, ಗೋಡೆಯಿಂದಲ್ಲ. ತಲೆಯ ಮೇಲೆ ಆಕಾಶವಿದ್ದರೂ ಒಳಗೆ ಕೂತವರು ದನಿ ತಗ್ಗಿಸಿ ಮಾತಾಡತೊಡಗಿದರು.

ರಾಜೀವಿ ಮಾತ್ರ ಮನೆಯಿಂದ ಮನೆಗೆ ಏನನ್ನೋ ಹುಡುಕುತ್ತ ತಿರುಗುತ್ತಿದ್ದಳು. ಕೊನೆಗೆ ಕಿಟ್ಟುವಿನ ಹತ್ತಿರ ಬಂದು ನಿಂತಳು.

"ಇಂಜಿನಿಯರ್ರೇ, ಎಲ್ಲ ಉಂಟು. ಚಾವಡಿ ಎಲ್ಲಿ?"

ಕಿಟ್ಟುವಿನ ಮುಖ ಅರಳಿತು. ಈ ಪ್ರಶ್ನೆಗೇ ಅವನು ಬೆಳಗಿನಿಂದ ಕಾದಿದ್ದ. ಚಾಳಿನಲ್ಲಿ ಹೆಚ್ಚಿನವರು ಮೊದಲು ಹೇಳಿದ್ದು ಅದನ್ನೇ. "ಬನ್ನಿ, ಬನ್ನಿ" ಎಂದು ಅವಳನ್ನು ಮನೆಗಳಿಂದ ದೂರ, ಗೇಟು ಬರಬೇಕಾದ ಜಾಗದ ತನಕ ಕರೆದುಕೊಂಡು ಹೋದ. ಅಲ್ಲಿ ಒಂದು ಚೌಕ. ಚೌಕದ ನಡುವೆ ಚೆನ್ನಯ ಕಲ್ಲೊಂದನ್ನು ಉರುಳಿಸಿಕೊಂಡು ಆಗಲೇ ಕೂತಿದ್ದ.

"ಇಲ್ಲಿ ಮೇಜು ಬರುತ್ತೆ, ಇಲ್ಲಿ ಬೀರು. ಬಾಗಿಲಿಗೆ ಭದ್ರವಾಗಿ ಬೀಗ" ಎಂದ ಕಿಟ್ಟು.

"ಫ್ಯಾನು ಉಂಟಾ?" ಎಂದು ಚೆನ್ನಯ ಕೇಳಿದ.

ರಾಜೀವಿ ಒಮ್ಮೆ ಚೌಕವನ್ನು, ಒಮ್ಮೆ ಕಿಟ್ಟುವನ್ನು ನೋಡಿದಳು. "ಬೀಗವಾ? ಚಾವಡಿಗೆ ಬೀಗ ಯಾರು ಹಾಕ್ತಾರೆ ಮಾರಾಯ್ರೇ?"

"ಹಾಕದೆ? ನಮ್ಮೂರಲ್ಲಿ ಚಾವಡಿ ಅಂದ್ರೆ ಶಾನುಭೋಗರು ಕೂರೋ ಜಾಗ. ಕಂದಾಯದ ಕಾಗದ ಪತ್ರ ಎಲ್ಲ ಅಲ್ಲೇ. ನೀವೆಲ್ಲ ಸೊಸೈಟಿಗೆ ಚಾವಡಿ ಬೇಕು ಅಂದಾಗ ನಾನು ಎಷ್ಟು ಮೆಚ್ಚಿಕೊಂಡೆ ಗೊತ್ತಾ?"

"ಅಯ್ಯೋ ದೇವರೇ" ಎಂದಳು ರಾಜೀವಿ. "ನಮ್ಮಲ್ಲಿ ಚಾವಡಿ ಅಂದ್ರೆ ಮನೆಯ ಮುಂದಿನ ಜಾಗ. ಬಂದವರು ಕೇಳದೆ ಬಂದು ಕೂತುಕೊಳ್ಳುದು. ಚಾಳಿನ ಗ್ಯಾಲರಿ ಉಂಟಲ್ಲ, ಅದನ್ನೇ ನಾವು ಚಾವಡಿ ಅನ್ನುದು. ಅದು ಬೇಕು ಅಂದದ್ದು ನಾವು!"

ಒಂದೇ ಕನ್ನಡ, ಒಂದೇ ಮಾತು; ಎರಡು ಊರು ಸೇರಿ ಮುಂಬಯಿಯಲ್ಲಿ ಅದರ ಗತಿ ಹೀಗಾಯಿತು. ಸುದ್ದಿ ಕೇಳಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಟ್ಟು ಕಿವಿಯವರೆಗೂ ಕೆಂಪಾಗಿ ತಾನೂ ನಕ್ಕ. ರಾಜೀವಿಗೆ ಮಾತ್ರ ನಗು ಬರಲಿಲ್ಲ. ಅವಳ ಕಣ್ಣು ತಾಳೆಮರದ ಬುಡದಲ್ಲಿ ಕೂತಿದ್ದ ದೂಜನ ಕಡೆಗಿತ್ತು.

ದೂಜ ಕಾಂತಪ್ಪನ ಅಣ್ಣ. ಯುದ್ಧದ ಕಾಲದಲ್ಲಿ ಬಂದರಿನ ಡಾಕಿನಲ್ಲಿ ಹಡಗು ಸಿಡಿದ ದಿನ ಅವನು ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ. ಮೈಗೆ ಒಂದು ಗೀರೂ ಆಗಲಿಲ್ಲ, ಕಿವಿ ಎರಡೂ ಹೋದವು. ತನ್ನ ದನಿ ತನಗೇ ಕೇಳದೆ, ಸತ್ತವರ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಮಾತಾಡಿ ಎಲ್ಲರೂ ತಿರುಗಿ ನೋಡಿದ ಮೇಲೆ ಮಾತನ್ನೂ ಬಿಟ್ಟ. ಅಂದಿನಿಂದ ಚಾಳಿನ ಮರದ ಗ್ಯಾಲರಿಯೇ ಅವನ ಲೋಕ. ಕಂಬಕ್ಕೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿರುತ್ತಿದ್ದ. ಯಾರಾದರೂ ಬಂದರೆ ಹಲಗೆ ನಡುಗುವುದು ಮೈಗೆ ತಿಳಿದು, ಕಣ್ಣು ತೆರೆಯದೆಯೇ ಕಾಲು ಮಡಚಿ ದಾರಿ ಬಿಡುತ್ತಿದ್ದ. ಹೋಗುವವರು ಅವನ ಭುಜ ಮುಟ್ಟಿ ಹೋಗುವರು, ಬೀಡಿ ಕೊಡುವರು, ಬಿಡಿಸಲು ಬಟಾಣಿ ಸುರಿಯುವರು, ಅಳುವ ಮಗುವನ್ನು ತೊಡೆಯ ಮೇಲೆ ಹಾಕುವರು. ಹಾಗೆ ಅವನು ಮನುಷ್ಯರ ನಡುವೆ ಉಳಿದುಕೊಂಡಿದ್ದ.

"ಭಾವನವರಿಗೆ ಬಾಗಿಲು ಬಡಿದ್ರೆ ಕೇಳುದಿಲ್ಲ" ಎಂದಳು ರಾಜೀವಿ ಕಿಟ್ಟುವಿಗೆ. "ನಾಲ್ಕು ಗೋಡೆಯ ಒಳಗೆ ಕೂರಿಸಿದ್ರೆ ಅವರು ಮುಗಿದೇ ಹೋಗ್ತಾರೆ. ನಾನು ಈ ಬಿಲ್ಡಿಂಗಿಗೆ ಬರುದಿಲ್ಲ ಇಂಜಿನಿಯರ್ರೇ. ಚಾಳಿನಲ್ಲೇ ಇರ್ತೇನೆ."

ಕಿಟ್ಟು ಸುಣ್ಣದ ಗೆರೆಗಳ ಉದ್ದಕ್ಕೂ ಹೆಜ್ಜೆ ಹಾಕಿ ಅಳೆದ. ಅವನ ಪ್ಲಾನಿನಲ್ಲಿ ಎರಡೆರಡು ಮನೆಗೆ ಒಂದೊಂದು ಮೆಟ್ಟಿಲು, ಅದರ ಎಡಕ್ಕೊಂದು ಬಲಕ್ಕೊಂದು ಬಾಗಿಲು, ಮುಚ್ಚಿದರೆ ಮುಗಿಯಿತು. "ಮಾಡಬಹುದು ಅಮ್ಮಾ" ಎಂದ ಕೊನೆಗೆ. "ಎಲ್ಲರಿಗೂ ಒಂದೇ ಮೆಟ್ಟಿಲು, ಆ ತುದಿಗೆ ಹೋಗುತ್ತೆ. ಮುಂದೆ ಉದ್ದಕ್ಕೂ ಗ್ಯಾಲರಿ. ಆದರೆ ಆ ಜಾಗ ಆಕಾಶದಿಂದ ಬರಲ್ಲ. ಪ್ರತಿಯೊಂದು ಮನೆಯೂ ಮುಂದಿನ ಕೋಣೆಯಿಂದ ಇಷ್ಟು ಬಿಟ್ಟುಕೊಡಬೇಕು." ಕೈ ಅಗಲಿಸಿ ತೋರಿಸಿದ.

"ಒಂದು ಚಾಪೆಯಗಲ" ಎಂದಳು ರಾಜೀವಿ.

"ಹೂಂ. ಒಂದೇ ಒಂದು ಮನೆ ಒಪ್ಪದಿದ್ರೂ ದಾರಿ ಅಲ್ಲಿಗೆ ಕಟ್ಟಾಗುತ್ತೆ. ನಾಳೆ ಬೆಳಿಗ್ಗೆ ಪ್ಲಾನು ಮುನಿಸಿಪಾಲಿಟಿಗೆ ಹೋಗಬೇಕು. ಹಾಗಾಗಿ ಇವತ್ತೇ ಹೇಳಿಬಿಡಿ."

ರಾಜೀವಿ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೆ ಹೋದಳು. ಮುಂದಿನ ಗೆರೆಯ ಒಳಗೆ ಚಾಪೆ ಹಾಸಿ, "ಇಷ್ಟು" ಎಂದು ತೋರಿಸುತ್ತಿದ್ದಳು. ಕೆಲವರು ಕೂಡಲೇ ಒಪ್ಪಿದರು. ಕೆಲವರು ಟ್ರಂಕು ಎಲ್ಲಿಡುವುದು, ಮಂಚ ಎಲ್ಲಿಡುವುದು ಎಂದು ಒಳಗೆಲ್ಲ ಸುತ್ತಾಡಿ, ಮತ್ತೆ ದೂಜನ ಕಡೆ ನೋಡಿ, ಆಯಿತು ಎಂದರು. ಉಳಿದದ್ದು ಸಾಲಿನ ನಟ್ಟನಡುವಿನ ಮನೆ, ಶೀಲಾವತಿಯದು.

ಶೀಲಾವತಿ ಚಾಪೆಯನ್ನು ಹಾಸಲೂ ಬಿಡಲಿಲ್ಲ.

"ಬೇಡ ರಾಜೀವಕ್ಕ. ನನಗೆ ಗ್ಯಾಲರಿ ಸಾಕಾಗಿದೆ. ನಾನು ಎಂತ ಬೇಯಿಸ್ತೇನೆ, ಯಾವ ಸೀರೆ ಒಣಗಿಸ್ತೇನೆ, ಗಂಡ ಯಾಕೆ ಬೈದ, ಎಲ್ಲ ಎಲ್ಲರಿಗೂ ಗೊತ್ತು. ಅಮ್ಮ ಹೋದ ತಂತಿ ಬಂದಾಗ ನೆನಪುಂಟಾ ನಿಮಗೆ? ಬಾಗಿಲ ತುಂಬ ಜನ. ಒಬ್ಬಳೇ ಕೂತು ಅಳ್ಲಿಕ್ಕೂ ಆಗ್ಲಿಲ್ಲ ನನಗೆ. ನೀವೆಲ್ಲ ಸಮಾಧಾನ ಮಾಡ್ತಾ ಇದ್ರಿ, ನಾನು ನಿಮಗೆ ಸಮಾಧಾನ ಆಗ್ಲಿ ಅಂತ ಸುಮ್ಮನಾದೆ."

ಆ ದಿನ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವಳು ರಾಜೀವಿಯೇ. ಶೀಲಾವತಿ ಹೊರಗೆ ಹೋಗಿ ಕಿಟ್ಟುವಿನ ಡಬ್ಬಿ ತಂದಳು. ಬಾಗಿಲಿಗೆಂದು ಬಿಟ್ಟಿದ್ದ ಜಾಗಕ್ಕೆ ಅಡ್ಡಲಾಗಿ ದಪ್ಪಗೆ ಒಂದು ಗೆರೆ ಎಳೆದಳು.

"ಇಕೊಳ್ಳಿ. ಬಾಗಿಲು ಹಾಕಿದೆ."

ಹಾಗೆಂದು ಒಳಗೆ, ಗೆರೆಗೆ ಬೆನ್ನು ಮಾಡಿ ಕೂತುಬಿಟ್ಟಳು. ರಾಜೀವಿ ಬದಿಯ ಮನೆಯಲ್ಲಿ, ತನ್ನ ಮನೆಯಲ್ಲಿ, ಚಾಪೆ ಮಡಿಲಲ್ಲಿಟ್ಟುಕೊಂಡು ಕೂತಳು. ಇಬ್ಬರ ನಡುವೆ ಒಂದು ಬೆರಳಗಲದ ಗೋಡೆ. ಬಯಲಿನಲ್ಲಿ ಮಧ್ಯಾಹ್ನದ ಮಂಪರು ಹಬ್ಬಿತ್ತು. ಮಕ್ಕಳು ತಮ್ಮ ತಮ್ಮ ಕೋಣೆಗಳಲ್ಲಿ ಮಲಗಿದ್ದವು, ಗಾಳಿ ಯಾವ ಬಾಗಿಲನ್ನೂ ಹುಡುಕದೆ ಎಲ್ಲ ಮನೆಗಳನ್ನೂ ಹಾದುಹೋಗುತ್ತಿತ್ತು. ಈಗ ಯಾರಾದರೂ ಏನನ್ನಾದರೂ ಕಟ್ಟಿದರೆ ಇದೆಲ್ಲ ಕೆಟ್ಟುಹೋದೀತು ಎಂದು ರಾಜೀವಿಗೆ ಅನ್ನಿಸಿತು.

ಆಗ ದೂಜ ಎದ್ದು ಬಂದ. ಅವನ ತೋಳಿನಲ್ಲಿ ಶೀಲಾವತಿಯ ಕೂಸು. ಯಾವತ್ತಿನಂತೆ ಅದು ಅವನ ತೊಡೆಯ ಮೇಲೆ ನಿದ್ದೆ ಮುಗಿಸಿ, ಈಗ ಹಸಿದು ಮುಷ್ಟಿ ಚೀಪುತ್ತಿತ್ತು. ಅವನು ಶೀಲಾವತಿಯ ಮನೆಯ ಮುಂದೆ ಬಂದು, ಬಾಗಿಲು ಇರಬೇಕಾದ ಕಡೆ ಗೆರೆಯನ್ನು ಕಂಡು, ನಿಂತ. ಬೆಳಗಿನಿಂದ ಎಲ್ಲರೂ ಗೆರೆಗಳ ಮುಂದೆ ನಡೆದುಕೊಂಡದ್ದನ್ನು ಅವನು ನೋಡಿದ್ದ. ಕೈ ಎತ್ತಿದ, ಬಡಿಯಲು ಏನೂ ಇರಲಿಲ್ಲ. ಕೈ ಇಳಿಸಿ, ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಕೂಸಿನ ಮುಖಕ್ಕೆ ನೆರಳಾಗಿ ಹಿಡಿದು ಕಾದ.

ರಾಜೀವಿಗೆ ಶೀಲಾವತಿಯನ್ನು ಕರೆಯಬೇಕೆನಿಸಿತು. ನಡುವಿನ ಗೆರೆಯನ್ನು ನೋಡಿ ತಡೆದುಕೊಂಡಳು. ಸುತ್ತಲಿನ ಮನೆಗಳವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಕಿಟ್ಟು ಮರದ ಬುಡದಿಂದ ನೋಡುತ್ತಿದ್ದ. ಕಾಲಡಿಯ ಒಂದು ಚಿಟಿಕೆ ಸುಣ್ಣವನ್ನು ದೂಜ ದಾಟಲಿಲ್ಲ.

ಕೂಸು ಸಣ್ಣಗೆ ರಾಗ ತೆಗೆದಾಗ ಶೀಲಾವತಿ ತಿರುಗಿದಳು. ಬಿಸಿಲಿನಲ್ಲಿ ಬೆವರಿ ನಿಂತಿದ್ದವನನ್ನು ನೋಡಿ ಅವಳ ಮುಖದ ಬಣ್ಣವೇ ಇಳಿಯಿತು.

"ಎಷ್ಟು ಹೊತ್ತಾಯ್ತು ದೂಜಣ್ಣ ಬಂದು?"

"ಆಗಲೇ ಬಂದಿದ್ದಾರೆ" ಎಂದಳು ರಾಜೀವಿ.

"ನೀವಾದ್ರೂ ಕರೀಬಾರದಿತ್ತಾ?"

"ಹೇಗೆ ಕರೆಯುದು ಶೀಲಾ? ಗೋಡೆ ಉಂಟಲ್ಲ."

ಶೀಲಾವತಿ ಎದ್ದು ಗೆರೆಯ ಹತ್ತಿರ ಬಂದಳು. ಕೂಸಿಗೆ ಕೈ ಚಾಚಿದಳು. ದೂಜ ಗೆರೆಯ ಮೇಲಿನಿಂದ ಕೂಸನ್ನು ಕೊಟ್ಟು, ಬಾಗಿಲ ಹೊರಗೇ ನಿಂತು ಹೋಗುವವರ ನಗು ನಕ್ಕು, ತಿರುಗಿ ಹೊರಟ. ಅವಳು ಅವನ ಬೆನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿದ್ದನ್ನು ಕೂಸಿನ ಅಂಗಿಗೆ ಒತ್ತಿ ಒರೆಸಿಕೊಂಡಳು. ಈ ಸಲ ಯಾರೂ ಸಮಾಧಾನ ಮಾಡಲು ಬರಲಿಲ್ಲ.

"ಬಾಗಿಲು ಮಾತ್ರ ನಾನು ಬಿಡುದಿಲ್ಲ ರಾಜೀವಕ್ಕ" ಎಂದಳು, ಕೂಸಿಗೆ ಹಾಲೂಡಿಸಿ ಎದ್ದ ಮೇಲೆ.

"ಬಿಡ್ಬೇಡ. ಹಾಕಿದ್ರೆ ನಾನು ಬಡಿಯುದಿಲ್ಲ."

"ಕಿಟಕಿ ಆಚೆ ಕಡೆ ಇಡಿ ಇಂಜಿನಿಯರ್ರೇ, ಗುಡ್ಡದ ಕಡೆಗೆ. ಗ್ಯಾಲರಿಗೆ ಬೇಡ."

"ಆಗಲಿ ಅಮ್ಮಾ. ಹಾಗೇ ಇಡೋಣ" ಎಂದ ಕಿಟ್ಟು ದೂರದಿಂದಲೇ.

"ಆ ಚಾಪೆ ಕೊಡಿ ಇಲ್ಲಿ."

ಅವಳೇ ಚಾಪೆ ಹಾಸಿದಳು. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು, ಚಾಪೆಯ ಒಳಅಂಚಿಗೆ ಹೊಸ ಗೋಡೆ ಎಳೆದಳು. ಗೆರೆ ಸೊಟ್ಟವಾಗಿತ್ತು. ಬಾಗಿಲಿಗೆ ಜಾಗ ಬಿಟ್ಟಳು. ಹಳೆಯ ಗೋಡೆಯನ್ನು ಯಾರೂ ಅಳಿಸಲಿಲ್ಲ, ಅದು ಗ್ಯಾಲರಿಯ ಅಂಚಿನ ಕಟಕಟೆಯಾಯಿತು.

ಸಂಜೆ ಎಲ್ಲರೂ ಗಂಟುಮೂಟೆ ಕಟ್ಟುವಾಗ ನೋಡಿದರೆ ದೂಜ ಮರದ ಬುಡದಲ್ಲಿರಲಿಲ್ಲ. ಉದ್ದಕ್ಕೂ ಹರಿದ ಎರಡು ಬಿಳಿ ಗೆರೆಗಳ ನಡುವೆ, ರಾಜೀವಿಯ ಬಾಗಿಲ ಮುಂದೆ, ಇಲ್ಲದ ಕಂಬಕ್ಕೆ ಒರಗಿದವನಂತೆ ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದ. ಹಳಿಯ ಮೇಲೆ ಥಾಣೆಯ ಲೋಕಲ್ ಹಾದುಹೋಯಿತು. ನೆಲ ಸಣ್ಣಗೆ ನಡುಗಿತು. ದೂಜ ಕಣ್ಣು ತೆರೆಯದೆ ಕಾಲು ಮಡಚಿಕೊಂಡ.

ಬರುವವರು ಯಾರೂ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಬಯಲಿಗೆ ಅಡ್ಡವಾಗಿ ಸ್ಟೇಷನ್ನಿನ ಕಡೆ ಹೊರಟಿದ್ದ ಶೀಲಾವತಿ ಅದನ್ನು ನೋಡಿ ನಿಂತಳು. ಹಿಂದಿರುಗಿ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಆ ಚಾಪೆಯಗಲದ ದಾರಿಯಲ್ಲೇ ನಡೆದು, ದಾಟುವಾಗ ಅವನ ಭುಜ ಮುಟ್ಟಿ ಹೋದಳು.