ಬಲಗಡೆಯ ಸ್ಪೀಕರ್

ಆಡಿಯೊ ಪ್ರದರ್ಶನ ಹತ್ತು ಗಂಟೆಗೆ ಶುರುವಾಗುವುದಿತ್ತು. ಹೋಟೆಲಿನ ನಾಲ್ಕನೇ ಮಹಡಿಯ ಕೋಣೆಯಲ್ಲಿ ಅಣ್ಣ ಬೆಳಗ್ಗೆ ಏಳರಿಂದ ಬಲಗಡೆಯ ಸ್ಪೀಕರನ್ನು ಬೆರಳಗಲ ಮುಂದೆ, ಬೆರಳಗಲ ಹಿಂದೆ ತಳ್ಳುತ್ತಲೇ ಇದ್ದ. ಅದರ ದನಿ ಮಂಕಾಗಿದೆ ಎಂಬುದು ಅವನ ದೂರು. ಬೆಸುಗೆ ಹಾಕಿ, ಹಳೇ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್ ಕಟ್ಟುವವಳು ತಂಗಿ. ಕೇಳಿ ತೀರ್ಪು ಕೊಡುವವನು ಅಣ್ಣ. ಇಪ್ಪತ್ತು ವರ್ಷದಿಂದ ನಡೆದುಬಂದ ರೂಢಿ ಅದು.

"ನಿನ್ನ ವಾಲ್ವೇ ಸರಿಯಿಲ್ಲ ಕಣೇ," ಅಂದ.

ಅವಳು ಎಡಬಲದ ವಾಲ್ವ್‌ಗಳನ್ನು ಅದಲುಬದಲು ಮಾಡಿದಳು. ಮಂಕು ಬಲಗಡೆಯೇ ಉಳಿಯಿತು. ಆಮೇಲೆ ಇಬ್ಬರೂ ಏದುಸಿರು ಬಿಡುತ್ತಾ ಸ್ಪೀಕರ್‌ಗಳನ್ನೇ ಅದಲುಬದಲು ಮಾಡಿದರು. ಆಗಲೂ ಅಷ್ಟೇ.

"ನಂಗೇನೋ ಎರಡೂ ಒಂದೇ ಥರ ಕೇಳ್ತಿದೆಯಪ್ಪ," ಎಂದಳು ತಂಗಿ.

ಅಣ್ಣ ಕುರ್ಚಿ ತಿರುಗಿಸಿ, ಸ್ಪೀಕರ್‌ಗಳಿಗೆ ಬೆನ್ನು ಹಾಕಿ ಕುಳಿತು, ಬೆಳಗ್ಗಿನಿಂದ ಕೇಳುತ್ತಿದ್ದ ಹಾಡನ್ನೇ ಮತ್ತೆ ಹಾಕಿಸಿದ. ಈಗ ಮಂಕಾಗಿ ಕೇಳಿದ್ದು ಅವನ ಬಲಕ್ಕೆ ಬಂದಿದ್ದ ಇನ್ನೊಂದು ಸ್ಪೀಕರ್. ದೋಷ ತನ್ನ ಬಲಗಿವಿಯದೆಂದು ಅವನಿಗೆ ತಿಳಿಯಿತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ನ ಕಿವೀನೇ ಕೈ ಕೊಟ್ಟಿದೆ."

"ಡಾಕ್ಟರಿಗೆ ತೋರಿಸೋಣ, ನಡಿ."

"ನಾಳೆ ಹೋಗೋಣ. ಈಗ ನೀನು ಕೂತ್ಕೋ. ನೀನು ಹೇಳು, ನಾನು ತಳ್ತೀನಿ."

ತಂಗಿ ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. ಹಿಂದೆ, ಇನ್ನೊಂಚೂರು ಹಿಂದೆ, ಎನ್ನುತ್ತಾ ಹೋದಳು. ಹಾಡುವವಳ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ನಿಂತಾಗ ಕೈ ಎತ್ತಿದಳು. ಅಣ್ಣ ನೆಲಕ್ಕೆ ಟೇಪು ಅಂಟಿಸಿ ಗುರುತು ಮಾಡಿ, ಬಾಗಿಲು ತೆರೆಯಲು ಹೋದ.